ಕ್ಲಾರ್ಕ್ ಪಕ್ಕದಲ್ಲಿ ಕ್ಲಾರ್ಕ್: ಓದುಕೂಟ ಕಲಿಸಿದ ಪಾಠಗಳು

ಆರ್ಥರ್ ಸಿ. ಕ್ಲಾರ್ಕ್ ಅಭಿಮಾನಿಗಳು ನಾಲ್ಕು ಜನ ಒಂದೆಡೆ ಕೂತರೆ, ಮಾತು ಎಲ್ಲೆಲ್ಲಿ ಸುತ್ತಿದರೂ ಕೊನೆಗೆ ಬಂದು ನಿಲ್ಲುವುದು ಒಂದೇ ಕಡೆ. ‘ರಾಂಡೆವೂ ವಿತ್ ರಾಮ’ ಹೆಚ್ಚೋ, ‘ಚೈಲ್ಡ್‌ಹುಡ್ಸ್ ಎಂಡ್’ ಹೆಚ್ಚೋ? ‘2001’ಕ್ಕೆ ಎಷ್ಟನೇ ಸ್ಥಾನ? ಬೆಂಗಳೂರಿನಲ್ಲಿ ತಿಂಗಳಿಗೊಮ್ಮೆ ಸೇರುವ ನಮ್ಮ ಓದುಕೂಟವನ್ನು ನಡೆಸುವ ಹೊಣೆ ನನ್ನದು. ಈ ಜಗಳವನ್ನು ವರ್ಷಗಟ್ಟಲೆ ಕೇಳಿದ್ದೇನೆ, ಕೇಳುತ್ತಲೇ ಇದ್ದೇನೆ. ನನಗೆ ಅದರಲ್ಲಿ ಬೇಸರವಿಲ್ಲ. 1917ರಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿ, 1956ರಿಂದ ಶ್ರೀಲಂಕಾದಲ್ಲಿ ನೆಲೆನಿಂತು, 2008ರಲ್ಲಿ ಕೊಲಂಬೊದಲ್ಲಿ ತೀರಿಕೊಳ್ಳುವವರೆಗೂ ಬರೆಯುತ್ತಲೇ ಇದ್ದ ಲೇಖಕನ ಪುಸ್ತಕಗಳನ್ನು ಓದುಗರು ಒಂದಕ್ಕೊಂದು ಹೋಲಿಸದೆ ಇರುವುದಾದರೂ ಹೇಗೆ?

ಆದರೆ ಹೋಲಿಸುವುದರಲ್ಲಿ ಎರಡು ಬಗೆ ಇದೆ. ಅಂಕ ಹಾಕುವ ಹೋಲಿಕೆ ಒಂದು. ಅದರಿಂದ ಅಂಕಪಟ್ಟಿ ಬಿಟ್ಟು ಬೇರೇನೂ ಕೈಗೆ ಹತ್ತುವುದಿಲ್ಲ. ಲೇಖಕ ಒಂದೇ ವಿಚಾರಕ್ಕೆ ಎರಡನೇ ಸಲ, ಮೂರನೇ ಸಲ ಮರಳಿ ಬಂದಾಗ ಅವನ ಮನಸ್ಸಿನಲ್ಲಿ ಏನು ಬದಲಾಗಿತ್ತು ಎಂದು ಹುಡುಕುವುದು ಇನ್ನೊಂದು. ಕ್ಲಾರ್ಕ್ ಈ ಎರಡನೆಯದಕ್ಕೆ ಹೇಳಿ ಮಾಡಿಸಿದ ಲೇಖಕ. ಬರೆದದ್ದನ್ನು ಮತ್ತೆ ಬರೆಯುವ, ಸಣ್ಣಕತೆಯನ್ನು ಕಾದಂಬರಿಯಾಗಿ ಬೆಳೆಸುವ, ಹಳೆಯ ಪುಸ್ತಕದ ಮೊದಲ ಅಧ್ಯಾಯವನ್ನೇ ಕಿತ್ತು ಹೊಸದು ಕೂರಿಸುವ ಅಭ್ಯಾಸ ಅವರಿಗೆ ಕಡೆಯವರೆಗೂ ಇತ್ತು. ಕೂಟ ನಡೆಸುತ್ತ ನಾನು ಕಲಿತದ್ದನ್ನು, ಇಂಥದೇ ಕೂಟ ನಡೆಸಬೇಕೆಂದಿರುವವರಿಗಾಗಿ, ಇಲ್ಲಿ ಬರೆದಿಡುತ್ತಿದ್ದೇನೆ.

1. ಯಾವುದು ಶ್ರೇಷ್ಠ ಎನ್ನುವ ಮೊದಲು, ಯಾವುದನ್ನು ಯಾವಾಗ ಓದಿದಿರಿ ಎಂದು ಕೇಳಿ

ನಮ್ಮ ಕೂಟದಲ್ಲಿ ಭೌತಶಾಸ್ತ್ರದ ಮೇಷ್ಟ್ರೊಬ್ಬರಿದ್ದಾರೆ. ‘ಎ ಫಾಲ್ ಆಫ್ ಮೂನ್‌ಡಸ್ಟ್’ ಬಗ್ಗೆ ಯಾರಾದರೂ ಹಗುರವಾಗಿ ಮಾತಾಡಿದರೆ ಅವರ ಮುಖ ಗಂಟಾಗುತ್ತದೆ. ಪಿಯುಸಿ ರಜೆಯಲ್ಲಿ, ಅಜ್ಜಿಯ ಊರಿನಲ್ಲಿ, ಒಂದೇ ಗುಕ್ಕಿನಲ್ಲಿ ಓದಿ ಮುಗಿಸಿದ ಪುಸ್ತಕ ಅದು. ಮೂವತ್ತು ದಾಟಿದ ಮೇಲೆ ಕ್ಲಾರ್ಕ್ ಓದಲು ತೊಡಗಿದ ಇನ್ನೊಬ್ಬರಿಗೆ ಅದೇ ಪುಸ್ತಕ ‘ಪರವಾಗಿಲ್ಲ’. ಇಬ್ಬರೂ ಸುಳ್ಳು ಹೇಳುತ್ತಿಲ್ಲ. ಹದಿನಾರರ ಹುಡುಗನಿಗೆ ಚಂದ್ರನ ಧೂಳಿನಲ್ಲಿ ಹೂತುಹೋದ ದೋಣಿ ಕೊಟ್ಟದ್ದನ್ನು ಮೂವತ್ತೈದರವನಿಗೆ ಕೊಡಲು ಬೇರೆ ಪುಸ್ತಕವೇ ಬೇಕು. ಹಾಗಾಗಿ ಚರ್ಚೆಗೆ ಮುಂಚೆ ಎಲ್ಲರೂ ತಾವು ಮೊದಲು ಓದಿದ ಕ್ಲಾರ್ಕ್ ಯಾವುದು, ಆಗ ವಯಸ್ಸೆಷ್ಟು ಎಂದು ಹೇಳಬೇಕು ಎಂಬ ರೂಢಿ ಇಟ್ಟುಕೊಂಡಿದ್ದೇವೆ. ಅರ್ಧ ಜಗಳ ಅಲ್ಲೇ ಕರಗುತ್ತದೆ, ಉಳಿದರ್ಧ ಜಗಳವಾಡಲು ಯೋಗ್ಯವಾದದ್ದು.

2. ಕೈಯಲ್ಲಿರುವ ಪ್ರತಿ ಯಾವ ಕಾಲದ್ದು ನೋಡಿ

ಒಂದು ಸಂಜೆ ‘ಚೈಲ್ಡ್‌ಹುಡ್ಸ್ ಎಂಡ್’ ಮೇಲೆ ಮಾತು. ಅದರ ಆರಂಭವೇ ಹಿಡಿಸಿತು ಎಂದ ಹುಡುಗಿಯೊಬ್ಬಳು, ಮಂಗಳಯಾನಕ್ಕೆ ಸಿದ್ಧರಾಗುತ್ತಿರುವ ಗಗನಯಾತ್ರಿಗಳ ವಿಷಯ ಎತ್ತಿದಳು. ಹಿರಿಯರೊಬ್ಬರು ತಡೆದರು. “ಮಂಗಳ ಎಲ್ಲಿ ಬಂತಮ್ಮ? ಚಂದ್ರನಿಗೆ ಹೋಗೋಕೆ ಅಮೆರಿಕ ಒಂದು ಕಡೆ, ರಷ್ಯ ಒಂದು ಕಡೆ ಪೈಪೋಟಿ. ಜರ್ಮನಿಯ ಇಬ್ಬರು ರಾಕೆಟ್ ವಿಜ್ಞಾನಿಗಳು, ಹಳೇ ಸ್ನೇಹಿತರು, ಒಬ್ಬ ಆ ಕಡೆ, ಒಬ್ಬ ಈ ಕಡೆ.” “ಇಲ್ಲ ಸಾರ್, ನೀವು ಬೇರೆ ಪುಸ್ತಕ ಹೇಳ್ತಿದ್ದೀರಿ.” “ಬೇರೆ ಪುಸ್ತಕ ಯಾಕಮ್ಮ, ಇದೇ ನೋಡು.” ಎರಡು ಪ್ರತಿಗಳನ್ನೂ ಮೇಜಿನ ಮೇಲೆ ಬಿಚ್ಚಿಟ್ಟೆವು. ಇಬ್ಬರೂ ಸರಿ. 1953ರಲ್ಲಿ ಬಂದ ಕಾದಂಬರಿ ಶುರುವಾಗುವುದು ಹಿರಿಯರು ಹೇಳಿದ ಹಾಗೆ. ಮನುಷ್ಯ ಚಂದ್ರನ ಮೇಲೆ ಇಳಿದೂ ಆಯಿತು, ಶೀತಲ ಸಮರವೂ ಕರಗುತ್ತ ಬಂತು ಎಂದು ಕಂಡಾಗ, 1990ರ ಹೊತ್ತಿಗೆ ಕ್ಲಾರ್ಕ್ ಆ ಅಧ್ಯಾಯವನ್ನು ತೆಗೆದು, ದೇಶಗಳು ಒಟ್ಟಾಗಿ ಮಂಗಳಕ್ಕೆ ಹೊರಡುವ ಹೊಸ ಆರಂಭ ಬರೆದರು.

ಆವತ್ತಿನ ಕೂಟದ ಉಳಿದ ಹೊತ್ತೆಲ್ಲ ಆ ಎರಡು ಆರಂಭಗಳಿಗೇ ಹೋಯಿತು, ಹೋಗಬೇಕಾದದ್ದೂ ಹಾಗೆಯೇ. ಹಳೆಯದರಲ್ಲಿ ಇಬ್ಬರು ಸ್ನೇಹಿತರು ಭೂಮಿಯ ಎರಡು ಮೂಲೆಯಲ್ಲಿ ನಿಂತು, ಒಬ್ಬರನ್ನೊಬ್ಬರು ಹಿಂದಿಕ್ಕಲು ಜೀವ ತೇಯುತ್ತಿರುವಾಗ, ಇಬ್ಬರ ತಲೆಯ ಮೇಲೂ ಅನ್ಯಲೋಕದ ಹಡಗುಗಳು ಬಂದು ನಿಲ್ಲುತ್ತವೆ. ಯಾರು ಮೊದಲು ಎಂಬ ಪ್ರಶ್ನೆ ಆ ಗಳಿಗೆಯಲ್ಲಿ ಸತ್ತುಹೋಗುತ್ತದೆ. ಹೊಸದರಲ್ಲಿ ಪೈಪೋಟಿ ಇಲ್ಲ, ಆದ್ದರಿಂದ ಅದು ಸಾಯುವ ಆಘಾತವೂ ಇಲ್ಲ. ಇತಿಹಾಸಕ್ಕೆ ಸರಿಹೊಂದಿಸಲು ಹೋಗಿ ಕ್ಲಾರ್ಕ್ ಕತೆಯ ಒಂದು ನರವನ್ನೇ ಕತ್ತರಿಸಿದರು ಎಂದು ನನ್ನ ಅಭಿಪ್ರಾಯ. ಹಳೆಯ ಪ್ರತಿ ಸಿಕ್ಕರೆ ಬಿಡಬೇಡಿ.

3. ಲೇಖಕ ತಾನೇ ಜೋಡಿ ಮಾಡಿಟ್ಟ ಪುಸ್ತಕಗಳಿಂದ ಆರಂಭಿಸಿ

ಕಡಲೂ ಬಾಹ್ಯಾಕಾಶವೂ ಒಂದೇ ತಕ್ಕಡಿಗೆ ಬರುವುದಿಲ್ಲ. ‘ಡಾಲ್ಫಿನ್ ಐಲೆಂಡ್’ ಮತ್ತು ‘ರಾಮ’ ಎರಡನ್ನೂ ಎದುರುಬದುರು ಇಟ್ಟರೆ ಮಾತೇ ಹುಟ್ಟುವುದಿಲ್ಲ. ‘ಅಗೇನ್‌ಸ್ಟ್ ದಿ ಫಾಲ್ ಆಫ್ ನೈಟ್’ ಪಕ್ಕದಲ್ಲಿ ‘ದಿ ಸಿಟಿ ಅಂಡ್ ದಿ ಸ್ಟಾರ್ಸ್’ ಇಡಿ. ರಾತ್ರಿ ಹತ್ತಾದರೂ ಜನ ಮನೆಗೆ ಏಳುವುದಿಲ್ಲ.

ಮೊದಲನೆಯದು 1948ರಲ್ಲಿ ಪತ್ರಿಕೆಯಲ್ಲಿ, 1953ರಲ್ಲಿ ಪುಸ್ತಕವಾಗಿ ಬಂತು. ಕ್ಲಾರ್ಕ್ ಯೌವನದಲ್ಲಿ ಬರೆಯಲು ತೊಡಗಿದ್ದ ಕಾದಂಬರಿ ಅದು, ಅವರಿಗೆ ತೃಪ್ತಿಯಿರಲಿಲ್ಲ. ಇಂಗ್ಲೆಂಡಿನಿಂದ ಆಸ್ಟ್ರೇಲಿಯಾಕ್ಕೆ ಹಡಗಿನಲ್ಲಿ ಹೋಗುವಾಗ ಸಿಕ್ಕ ದೀರ್ಘ ಬಿಡುವಿನಲ್ಲಿ ಅದನ್ನು ಹೊಸದಾಗಿ ಬರೆಯಲು ಕೂತರು. 1956ರಲ್ಲಿ ‘ದಿ ಸಿಟಿ ಅಂಡ್ ದಿ ಸ್ಟಾರ್ಸ್’ ಬಂತು. ಎರಡರಲ್ಲೂ ಮರುಭೂಮಿಯಾದ ಭೂಮಿಯ ಮೇಲೆ ಉಳಿದ ಡಯಾಸ್ಪರ್ ನಗರ, ಹೊರಗೆ ಹೆಜ್ಜೆಯಿಡಲು ಹೆದರುವ ಜನ, ಹೊರಗೇನಿದೆ ಎಂದು ತಿಳಿಯಲೇಬೇಕೆನ್ನುವ ಆಲ್ವಿನ್ ಎಂಬ ಹುಡುಗ, ಅವನು ಕಂಡುಕೊಳ್ಳುವ ಲಿಸ್ ಎಂಬ ಹಸಿರಿನ ನಾಡು. ಕತೆಯ ಬೆನ್ನೆಲುಬು ಒಂದೇ.

ಈ ಎರಡು ಪುಸ್ತಕಗಳ ಬಗ್ಗೆ ಕ್ಲಾರ್ಕ್ ಒಂದು ಪ್ರಸಂಗ ಹೇಳುತ್ತಿದ್ದರು. ಮನೋವೈದ್ಯನೊಬ್ಬ, ಅವನ ರೋಗಿಯೊಬ್ಬ, ಇಬ್ಬರೂ ಚಿಕಿತ್ಸೆಯ ನಡುವೆ ಈ ಕಾದಂಬರಿಯ ಮಾತೆತ್ತಿ ಗೊಂದಲಕ್ಕೆ ಬಿದ್ದರಂತೆ. ಒಬ್ಬ ಓದಿದ್ದು ಹಳೆಯದು, ಇನ್ನೊಬ್ಬ ಓದಿದ್ದು ಹೊಸದು, ಎರಡಿವೆ ಎಂಬುದು ಇಬ್ಬರಿಗೂ ಗೊತ್ತಿರಲಿಲ್ಲ.

ಏನು ಬದಲಾಯಿತು? ಹಳೆಯ ಡಯಾಸ್ಪರ್‌ನಲ್ಲಿ ಜನ ಸುಮ್ಮನೆ ಬಹಳ ಕಾಲ ಬದುಕುತ್ತಾರೆ. ಆಲ್ವಿನ್ ಎಷ್ಟೋ ಸಾವಿರ ವರ್ಷಗಳಲ್ಲಿ ಹುಟ್ಟಿದ ಒಂದೇ ಮಗು. ಹೊಸದರಲ್ಲಿ ಮನುಷ್ಯರು ನಗರದ ಸ್ಮೃತಿಭಂಡಾರದಲ್ಲಿ ಮಾಹಿತಿಯಾಗಿ ಶೇಖರವಾಗಿದ್ದಾರೆ. ಸುಮಾರು ಸಾವಿರ ವರ್ಷ ಬದುಕಿ, ಮತ್ತೆ ಭಂಡಾರಕ್ಕೆ ಮರಳಿ, ಯುಗಗಳ ನಂತರ ಹಳೆಯ ನೆನಪುಗಳ ಸಮೇತ ಎದ್ದು ಬರುತ್ತಾರೆ. ಆಲ್ವಿನ್‌ಗೆ ಮಾತ್ರ ಹಿಂದಿನ ಜನ್ಮಗಳೇ ಇಲ್ಲ. ಎರಡು ಬರಹಗಳ ನಡುವಿನ ವರ್ಷಗಳಲ್ಲಿ ಕಂಪ್ಯೂಟರ್ ಹುಟ್ಟಿತ್ತು, ಮಾಹಿತಿ ಸಿದ್ಧಾಂತ ಹುಟ್ಟಿತ್ತು. ಅಣುಶಕ್ತಿಗಿಂತಲೂ ಆಳವಾಗಿ ಇದು ಮನುಷ್ಯನ ಬದುಕನ್ನು ಬದಲಿಸಬಹುದು ಎಂದು ಕ್ಲಾರ್ಕ್‌ಗೆ ಅನಿಸಿತ್ತು. ಹಳೆಯದರಲ್ಲಿ ದಾಖಲೆ ಕಾಯುವ ಅಧಿಕಾರಿ ರೋರ್ಡನ್ ಆಲ್ವಿನ್‌ಗೆ ನೆರವಾಗುತ್ತಾನೆ. ಹೊಸದರಲ್ಲಿ ಆ ಜಾಗಕ್ಕೆ ಖೆಡ್ರನ್ ಎಂಬ ವಿದೂಷಕ ಬಂದಿದ್ದಾನೆ. ಎಲ್ಲವೂ ಅಚ್ಚುಕಟ್ಟಾಗಿ ನಡೆಯುವ ನಗರವನ್ನು ಆಗಾಗ ಕೆಣಕಿ ಅಲುಗಿಸಲೆಂದೇ ನಗರವನ್ನು ಕಟ್ಟಿದವರು ಇಟ್ಟ ಮನುಷ್ಯ ಅವನು. ಇದು ಪಾತ್ರವೊಂದರ ಬದಲಾವಣೆ ಅಷ್ಟೇ ಅಲ್ಲ. ಮೊದಲ ಸಲ ಬರೆದ ಕ್ಲಾರ್ಕ್‌ಗೆ ಡಯಾಸ್ಪರ್ ಮಲಗಿಬಿಟ್ಟ ಊರು. ಎರಡನೇ ಸಲ ಬರೆದವರಿಗೆ ಅದು ಯಾರೋ ಬುದ್ಧಿವಂತರು ಯೋಚಿಸಿ ರೂಪಿಸಿದ ಯಂತ್ರ, ಆಲ್ವಿನ್‌ನ ದಂಗೆಯೂ ಅದರ ಲೆಕ್ಕದೊಳಗೇ ಇದೆ. ಹುಡುಗ ಸ್ವತಂತ್ರನೋ ಅಲ್ಲವೋ ಎಂಬ ಪ್ರಶ್ನೆ ಹಳೆಯ ಪುಸ್ತಕದಲ್ಲಿ ಏಳುವುದೇ ಇಲ್ಲ.

ನಮ್ಮಲ್ಲಿ ಹಳೆಯದನ್ನೇ ಹೆಚ್ಚು ಪ್ರೀತಿಸುವವರಿದ್ದಾರೆ. ಅದು ಚಿಕ್ಕದು, ಹಾಡಿನಂತಿದೆ, ಒಂದೂ ಹೆಚ್ಚಿನ ಮಾತಿಲ್ಲ ಎಂಬುದು ಅವರ ವಾದ. ನಾನು ಹೊಸದರ ಪಕ್ಷ. ಆದರೆ ಹಳೆಯದನ್ನು ಓದದೆ ಹೊಸದರ ಪಕ್ಷ ಹಿಡಿಯುವವರಿಗೆ ನಮ್ಮ ಕೂಟದಲ್ಲಿ ಮಾತಾಡುವ ಸರದಿ ಕಡೆಗೆ ಬರುತ್ತದೆ.

4. ‘2001’ರ ಮಾತು ಬಂದಾಗ ಯಾವ ಗ್ರಹ ಎಂದು ಕೇಳಿ

ಸಿನಿಮಾ ನೋಡಿ ಪುಸ್ತಕ ಓದಿದೆ ಎನ್ನುವವರನ್ನು ಗುರುತಿಸಲು ಇದೊಂದೇ ಪ್ರಶ್ನೆ ಸಾಕು. ಕಾದಂಬರಿಯಲ್ಲಿ ಡಿಸ್ಕವರಿ ನೌಕೆ ಗುರುಗ್ರಹವನ್ನು ಬಳಸಿ ವೇಗ ಗಳಿಸಿ ಶನಿಗೆ ಹೋಗುತ್ತದೆ. ಶನಿಯ ಉಪಗ್ರಹ ಜಾಪೆಟಸ್ ಮೇಲೆ ಕಪ್ಪು ಶಿಲೆ ಕಾದು ನಿಂತಿದೆ. ಸಿನಿಮಾದಲ್ಲಿ ಪಯಣ ಗುರುವಿನ ಬಳಿಯೇ ಮುಗಿಯುತ್ತದೆ, ಶನಿಯ ಉಂಗುರಗಳನ್ನು ನಂಬುವಂತೆ ತೆರೆಗೆ ತರಲು ನಿರ್ದೇಶಕ ಕುಬ್ರಿಕ್ ಅವರ ತಂಡಕ್ಕೆ ಆಗಲಿಲ್ಲ. ಎರಡೂ 1968ರಲ್ಲೇ ಬಂದವು. 1982ರಲ್ಲಿ ‘2010’ ಬರೆಯುವಾಗ ಕ್ಲಾರ್ಕ್ ತಮ್ಮ ಕಾದಂಬರಿಯನ್ನು ಬಿಟ್ಟು ಸಿನಿಮಾದ ಗುರುವನ್ನೇ ಹಿಡಿದರು. 1979ರಲ್ಲಿ ವಾಯೇಜರ್ ನೌಕೆಗಳು ಗುರುವಿನ ಚಂದ್ರರನ್ನು ಹತ್ತಿರದಿಂದ ತೋರಿಸಿದ್ದವು. ಹಿಮದ ಯುರೋಪಾ, ಜ್ವಾಲಾಮುಖಿಗಳ ಅಯೋ ಕಣ್ಣೆದುರು ಬಂದ ಮೇಲೆ ಅವರು ಶನಿಗೆ ಮರಳುವ ಮಾತೆಲ್ಲಿ?

‘2001’ರಿಂದ ‘3001’ರವರೆಗಿನ ನಾಲ್ಕೂ ಒಡಿಸ್ಸಿಗಳನ್ನು ಸಾಲಾಗಿ ಓದಿ ಇದು ಹೊಂದುವುದಿಲ್ಲ, ಅದು ಹೊಂದುವುದಿಲ್ಲ ಎಂದು ತಪ್ಪು ಪಟ್ಟಿ ಮಾಡುವವರು ಪ್ರತಿ ಬಾರಿಯೂ ಇರುತ್ತಾರೆ. ಇವು ಸರಪಳಿಯ ಕೊಂಡಿಗಳಲ್ಲ, ಒಂದೇ ವಸ್ತುವಿನ ಬೇರೆ ಬೇರೆ ರೂಪಗಳು ಎಂದು ಕ್ಲಾರ್ಕ್ ತಾವೇ ಹೇಳಿದ್ದರು. ಯಕ್ಷಗಾನ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ: ಪ್ರಸಂಗ ಅದೇ, ವೇಷಧಾರಿಯೂ ಅದೇ, ಹತ್ತು ವರ್ಷದ ಮೇಲೆ ಮತ್ತೆ ರಂಗಕ್ಕೆ ಬಂದಾಗ ಮಾತುಗಾರಿಕೆ ಬೇರೆ. ಹಾಗೆ ನೋಡಿದರೆ ಹೋಲಿಸಬೇಕಾದದ್ದು ಡಿಸ್ಕವರಿ ನೌಕೆಯ ಹ್ಯಾಲ್ ಕಂಪ್ಯೂಟರಿನ ಕತೆಯನ್ನು. ಮೊದಲ ಕಾದಂಬರಿಯಲ್ಲೇ ಹ್ಯಾಲ್ ಕೆಡುವುದಕ್ಕೆ ಕಾರಣವಿದೆ. ಸತ್ಯ ಹೇಳಲೆಂದು ಕಟ್ಟಿದ ಬುದ್ಧಿಗೆ ಸಿಬ್ಬಂದಿಯಿಂದ ಗುಟ್ಟು ಮುಚ್ಚಿಡು ಎಂದರೆ ಏನಾಗುತ್ತದೆ ಎಂಬುದು. ಸಿನಿಮಾ ಅದನ್ನು ಬಾಯಿಬಿಟ್ಟು ಹೇಳುವುದಿಲ್ಲ. ‘2010’ರಲ್ಲಿ ಹ್ಯಾಲ್‌ನನ್ನು ರೂಪಿಸಿದ ಡಾ. ಚಂದ್ರ, ಅಂದರೆ ಶಿವಸುಬ್ರಮಣಿಯನ್ ಚಂದ್ರಶೇಖರಂಪಿಳ್ಳೈ, ಅದೇ ಕಂಪ್ಯೂಟರಿನ ಎದುರು ಕೂತು ಈ ಸಲ ಸುಳ್ಳು ಹೇಳಬೇಕೋ ನಿಜ ಹೇಳಬೇಕೋ ಎಂದು ತೀರ್ಮಾನಿಸುತ್ತಾನೆ. ಕಾದಂಬರಿಯಲ್ಲಿ ಭಾರತೀಯನಾಗಿದ್ದ ಆತ 1984ರ ಸಿನಿಮಾದಲ್ಲಿ ಅಮೆರಿಕನ್ ಆಗಿಬಿಟ್ಟದ್ದು ನಮ್ಮ ಕೂಟದವರಿಗೆ ಇನ್ನೂ ನುಂಗಲಾರದ ಸಂಗತಿ, ನನಗೂ.

5. ಒಂದು ಎಳೆ ಹಿಡಿದು ಎಲ್ಲ ಪುಸ್ತಕಗಳ ಮೂಲಕ ಹಾಯಿರಿ

ನಮ್ಮ ಕೂಟದಲ್ಲಿ ಅತ್ಯಂತ ಫಲ ಕೊಟ್ಟದ್ದು ಈ ಬಗೆ. ಕ್ಲಾರ್ಕ್ ನಾಸ್ತಿಕರು, ಧರ್ಮದ ಬಗ್ಗೆ ಅವರಿಗೆ ಒಂದೇ ಮಾತು ಎಂದು ಒಮ್ಮೆ ಯಾರೋ ತೀರ್ಪು ಕೊಟ್ಟರು. ಸರಿ, ಪುಸ್ತಕಗಳಲ್ಲೇ ನೋಡೋಣ ಎಂದು ಹೊರಟೆವು.

‘ಚೈಲ್ಡ್‌ಹುಡ್ಸ್ ಎಂಡ್’, 1953. ಅನ್ಯಲೋಕದ ಓವರ್‌ಲಾರ್ಡ್‌ಗಳು ಮನುಷ್ಯರಿಗೆ ಭೂತಕಾಲವನ್ನು ನೋಡಬಹುದಾದ ಒಂದು ಉಪಕರಣ ಕೊಡುತ್ತಾರೆ. ಧರ್ಮಗಳ ಹುಟ್ಟನ್ನು ಕಣ್ಣಾರೆ ಕಂಡ ಜಗತ್ತಿನಲ್ಲಿ ಅವು ಒಂದೊಂದಾಗಿ ಒಣಗಿ ಹೋಗುತ್ತವೆ, ಶುದ್ಧಗೊಂಡ ಒಂದು ಬಗೆಯ ಬೌದ್ಧಮತ ಮಾತ್ರ ಉಳಿಯುತ್ತದೆ. ಮೂರು ವರ್ಷದ ಮೇಲೆ ಕ್ಲಾರ್ಕ್ ಹೋಗಿ ನೆಲೆಸಿದ್ದು ಬೌದ್ಧರ ನಾಡಿನಲ್ಲಿ. ‘ದಿ ಡೀಪ್ ರೇಂಜ್’, 1957. ತಿಮಿಂಗಿಲಗಳನ್ನು ದನಗಳ ಹಾಗೆ ಸಾಕಿ ಮಾಂಸಕ್ಕೆ ಕಡಿಯುವ ಭವಿಷ್ಯ. ಆ ಕೊಲೆ ನಿಲ್ಲಿಸಿ ಎಂದು ಎದ್ದು ನಿಲ್ಲುವವರು ಸಿಲೋನಿನ ಮಹಾನಾಯಕ ಥೇರೋ, ಸ್ಕಾಟ್ಲೆಂಡ್ ಮೂಲದ ಬೌದ್ಧ ಭಿಕ್ಷು. ಸರ್ಕಾರವನ್ನೂ ಉದ್ಯಮವನ್ನೂ ಒಪ್ಪಿಸಿ ಗೆಲ್ಲುವವರು ಆತನೇ. ಬರಿಯ ತತ್ತ್ವವಾಗಿದ್ದದ್ದು ಈಗ ಒಬ್ಬ ಮನುಷ್ಯನಾಗಿ ಎದುರು ಕೂತು ವಾದಿಸುತ್ತಿದೆ.

‘ರಾಂಡೆವೂ ವಿತ್ ರಾಮ’, 1973. ರಾಮ ಎಂಬ ಅನ್ಯಲೋಕದ ನೌಕೆಯನ್ನು ನೋಡಹೋದ ಸಿಬ್ಬಂದಿಯಲ್ಲಿ ರೊಡ್ರಿಗೊ ಎಂಬ ಶ್ರದ್ಧಾವಂತ ಕ್ರೈಸ್ತನಿದ್ದಾನೆ. ಬುಧಗ್ರಹದವರು ಹೆದರಿ ರಾಮನ ಮೇಲೆ ಸ್ಫೋಟಕ ಕಳಿಸಿದಾಗ, ಅದನ್ನು ನಿಷ್ಕ್ರಿಯಗೊಳಿಸಲು ಮುಂದೆ ಹೋಗುವವನು ಅವನೇ. ಆಮೇಲೆ ‘ದಿ ಫೌಂಟನ್ಸ್ ಆಫ್ ಪ್ಯಾರಡೈಸ್’, 1979. ಶ್ರೀಕಂದ ಬೆಟ್ಟದ ತುದಿಯಿಂದ ಆಕಾಶಕ್ಕೆ ಗೋಪುರ ಎತ್ತಬೇಕು. ತುದಿಯಲ್ಲಿ ಎರಡು ಸಾವಿರ ವರ್ಷಗಳಿಂದ ಭಿಕ್ಷುಗಳ ಮಠವಿದೆ, ಅವರು ಏಳುವುದಿಲ್ಲ. ಹೊನ್ನಿನ ಬಣ್ಣದ ಚಿಟ್ಟೆಗಳು ಬೆಟ್ಟದ ತುದಿ ಮುಟ್ಟಿದ ದಿನ ಮಠ ತೆರವಾಗಬೇಕು ಎಂಬ ಹಳೆಯ ನಂಬಿಕೆ. ಭಿಕ್ಷುಗಳಲ್ಲಿ ಪಾರಕರ್ಮ ಎಂಬಾತ ಒಂದು ಕಾಲದಲ್ಲಿ ಹೆಸರಾಂತ ಖಗೋಳವಿಜ್ಞಾನಿ. ಗೋಪುರದ ಪರೀಕ್ಷೆಯನ್ನು ಕೆಡಿಸಲು ಹವಾಮಾನ ನಿಯಂತ್ರಣ ವ್ಯವಸ್ಥೆಯೊಳಗೆ ಕೈಯಾಡಿಸಿ ಬಿರುಗಾಳಿ ಎಬ್ಬಿಸುತ್ತಾನೆ. ಅದೇ ಗಾಳಿ ಚಿಟ್ಟೆಗಳನ್ನು ಹೊತ್ತು ತಂದು ಬೆಟ್ಟದ ನೆತ್ತಿಗೆ ಸುರಿಯುತ್ತದೆ. ಮಠ ತೆರವಾಗುತ್ತದೆ.

ಈ ಭಾಗವನ್ನು ಕೂಟದಲ್ಲಿ ಗಟ್ಟಿಯಾಗಿ ಓದಿದಾಗ ಒಬ್ಬರು ತಟ್ಟನೆ ಹೇಳಿದರು: “ನೋಡಿ, ‘ಡೀಪ್ ರೇಂಜ್’ನಲ್ಲಿ ಹೊರಗಿಂದ ಬಂದು ಕಾವಿ ತೊಟ್ಟವರು ಗೆದ್ದರು. ಇಲ್ಲಿ ಹೊರಗಿಂದ ಬಂದು ಕಾವಿ ತೊಟ್ಟವನಿಂದಲೇ ಮಠ ಹೋಯಿತು.” ಇಪ್ಪತ್ತೆರಡು ವರ್ಷಗಳ ಅಂತರದಲ್ಲಿ ಒಂದೇ ಬಗೆಯ ಮನುಷ್ಯ, ಎರಡು ಗತಿ. ಇಲ್ಲಿ ಕ್ಲಾರ್ಕ್ ಭಿಕ್ಷುಗಳನ್ನು ಗೇಲಿ ಮಾಡಿಲ್ಲ. ಮಠದ ಹಿರಿಯ ಸ್ವಾಮಿಗಳಿಗೂ ಎಂಜಿನಿಯರ್ ಮಾರ್ಗನ್‌ಗೂ ನಡೆಯುವ ಭೇಟಿಯಲ್ಲಿ ಯಾರ ಘನತೆಗೂ ಕುಂದಿಲ್ಲ. ಸೋತವರು ತಮ್ಮ ನಂಬಿಕೆ ನಿಜವಾದದ್ದರಿಂದಲೇ ಸೋಲುತ್ತಾರೆ, ಗೆದ್ದವನು ಆ ಗೆಲುವಿಗೆ ಕಾರಣನೇ ಅಲ್ಲ. ಕಡೆಗೆ 1997ರ ‘3001’ಕ್ಕೆ ಬಂದರೆ ಧರ್ಮವೆಂಬುದು ಆ ಕಾಲದವರ ಕಣ್ಣಿಗೆ ಹಿಂದಿನವರಿಗಿದ್ದ ಚಿತ್ತವಿಕಾರ. ಎಂಬತ್ತರ ಹತ್ತಿರದ ಕ್ಲಾರ್ಕ್ ಇಲ್ಲಿ ಬಿಗಿಯಾಗಿಬಿಟ್ಟಿದ್ದಾರೆ. ಎದುರು ವಾದಿಸುವ ಥೇರೋ ಇಲ್ಲ, ಚಿಟ್ಟೆಯೂ ಇಲ್ಲ. ನನಗೆ ಅದು ನಷ್ಟವಾಗಿ ಕಾಣುತ್ತದೆ. ‘ಧರ್ಮದ ಬಗ್ಗೆ ಒಂದೇ ಮಾತು’ ಎಂದ ಸದಸ್ಯರು ಆವತ್ತು ಐದೂ ಪುಸ್ತಕ ಎರವಲು ಕೇಳಿ ಒಯ್ದರು.

6. ‘ಪಾತ್ರಗಳೇ ಇಲ್ಲ’ ಎಂಬ ದೂರು ಬಂದಾಗ ಎರಡು ಇಳಿತಗಳನ್ನು ಓದಿಸಿ

ಕ್ಲಾರ್ಕ್ ವಿರುದ್ಧ ಎಲ್ಲೆಡೆ ಕೇಳಿಬರುವ ದೂರು ಇದು: ಯಂತ್ರಗಳು ಚೆನ್ನ, ಮನುಷ್ಯರು ಮರದ ಗೊಂಬೆಗಳು. ‘ರಾಮ’ವನ್ನು ಮಾತ್ರ ಓದಿದವರ ಬಾಯಲ್ಲಿ ಇದು ಹೆಚ್ಚು. ಕಮಾಂಡರ್ ನಾರ್ಟನ್‌ಗೆ ಎರಡು ಗ್ರಹಗಳಲ್ಲಿ ಎರಡು ಸಂಸಾರ ಎಂಬುದನ್ನು ಬಿಟ್ಟರೆ ಅವನ ಒಳಗು ನಮಗೆ ಹೆಚ್ಚೇನೂ ಸಿಗುವುದಿಲ್ಲ ಎಂಬುದು ನಿಜ. ಆದರೆ ಆ ಪುಸ್ತಕದ ನಾಯಕ ನಾರ್ಟನ್ ಅಲ್ಲವೇ ಅಲ್ಲ. 50 ಕಿಲೋಮೀಟರ್ ಉದ್ದದ, ತಿರುಗುತ್ತಿರುವ ಆ ಟೊಳ್ಳು ಉರುಳೆಯೇ ನಾಯಕ. ಅದರ ಅಕ್ಷದಿಂದ ಒಳಮೈಗೆ ಎಂಟು ಕಿಲೋಮೀಟರ್. ಕತ್ತಲಲ್ಲಿ ಮೆಟ್ಟಿಲು ಇಳಿಯುತ್ತ ಹೋದಂತೆ ಮೈಗೆ ಸ್ವಲ್ಪ ಸ್ವಲ್ಪವೇ ತೂಕ ಬರುತ್ತದೆ. ಆಮೇಲೆ ಒಂದು ದಿನ ಇದ್ದಕ್ಕಿದ್ದಂತೆ ದೀಪಗಳು ಹತ್ತಿಕೊಳ್ಳುತ್ತವೆ, ಬಾಗಿ ಮೇಲೆದ್ದು ನೆತ್ತಿಯ ಮೇಲಿಂದ ಹಾದುಬರುವ ಸಮುದ್ರ ಕಾಣುತ್ತದೆ. ಜಿಮ್ಮಿ ಪಾಕ್ ಎಂಬ ಹುಡುಗ ಕಾಲಿನಿಂದ ತುಳಿಯುವ ಹಗುರ ವಿಮಾನದಲ್ಲಿ ಆಚೆ ದಡಕ್ಕೆ ಹಾರಿ, ಬಿದ್ದು, ಅಲ್ಲೊಂದು ಹೂವು ಕಂಡು ಕಿತ್ತುಕೊಳ್ಳುತ್ತಾನೆ. ಮರಳುವ ದಾರಿಯೆಂದರೆ ಐನೂರು ಮೀಟರ್ ಎತ್ತರದ ಬಂಡೆಯಿಂದ ಸಮುದ್ರಕ್ಕೆ ಜಿಗಿಯುವುದು. ಅಲ್ಲಿ ತೂಕ ಕಡಿಮೆ, ಗಾಳಿಯ ತಡೆ ಇದೆ, ಬದುಕುತ್ತೀಯ ಎಂದು ಲೆಕ್ಕ ಹಾಕಿ ಹೇಳುತ್ತಾರೆ. ಲೆಕ್ಕವನ್ನು ನಂಬಿ ಜಿಗಿಯುವ ಆ ಗಳಿಗೆಯೇ ಕ್ಲಾರ್ಕ್ ಬರೆಯುವ ಬಗೆಯ ಮನುಷ್ಯತ್ವ.

ಇದರ ಪಕ್ಕದಲ್ಲಿ ‘ಫೌಂಟನ್ಸ್’ನ ಕೊನೆಯ ಭಾಗ ಇಡಿ. ಅರವತ್ತು ದಾಟಿದ, ಹೃದಯದ ತೊಂದರೆಯಿರುವ ವ್ಯಾನೆವರ್ ಮಾರ್ಗನ್, ಗೋಪುರದಲ್ಲಿ ಸಿಕ್ಕಿಬಿದ್ದವರಿಗೆ ಆಮ್ಲಜನಕ ಒಯ್ಯಲು ಒಬ್ಬನೇ ಸಣ್ಣ ವಾಹನದಲ್ಲಿ ಏರುತ್ತಾನೆ. ಖಾಲಿಯಾದ ಬ್ಯಾಟರಿ ಕಳಚಿ ಬೀಳಬೇಕು, ಬೀಳುವುದಿಲ್ಲ. ಹೊರಗೆ ಬಾಗಿ ಕೈಯಾರೆ ಅದನ್ನು ಬಿಡಿಸುವ ಮುದುಕನ ಬೆವರು ಓದುವವರ ಅಂಗೈಗೆ ಬರುತ್ತದೆ. ಕೆಲಸ ಮುಗಿಸಿ ಇಳಿಯುವಾಗ ಅವನ ಹೃದಯ ನಿಲ್ಲುತ್ತದೆ. ಇದನ್ನು ಓದಿದ ಮೇಲೂ ಕ್ಲಾರ್ಕ್‌ಗೆ ಮನುಷ್ಯರನ್ನು ಬರೆಯಲು ಬಾರದು ಎನ್ನುವವರು ನನಗೆ ಈವರೆಗೆ ಸಿಕ್ಕಿಲ್ಲ.

ಈ ಕಾದಂಬರಿಗೆ ನಮ್ಮ ಕೂಟದಲ್ಲಿ ವಿಶೇಷ ಜಾಗವಿದೆ. ಹಾಸನದಲ್ಲಿ ಇಸ್ರೊದ ಉಪಗ್ರಹ ನಿಯಂತ್ರಣ ಕೇಂದ್ರದಲ್ಲಿ ದುಡಿದು ನಿವೃತ್ತರಾದ ಸದಸ್ಯರೊಬ್ಬರು, ಭೂಮಿಯ ಜೊತೆಗೇ ಸುತ್ತುತ್ತ ನಿಂತಂತೆ ಕಾಣುವ ಉಪಗ್ರಹ ಸಮಭಾಜಕದ ಮೇಲೆ ಸುಮಾರು 36,000 ಕಿಲೋಮೀಟರ್ ಎತ್ತರದಲ್ಲೇ ಏಕಿರಬೇಕು ಎಂದು ಹಗ್ಗ ಹಿಡಿದು ತೋರಿಸಿದರು. ಕಾದಂಬರಿಯ ಗೋಪುರ ಏರುವುದು ಅಂಥ ಕಕ್ಷೆಗೇ, ಆದ್ದರಿಂದ ಅದರ ಬುಡವೂ ಸಮಭಾಜಕದ ಮೇಲೇ ಬೇಕು. ಅದಕ್ಕಾಗಿ ಕ್ಲಾರ್ಕ್ ಶ್ರೀಲಂಕಾವನ್ನು ಕತೆಯಲ್ಲಿ 800 ಕಿಲೋಮೀಟರ್ ದಕ್ಷಿಣಕ್ಕೆ ಸರಿಸಿ, ತಪ್ರೋಬನ್ ಎಂದು ಹೆಸರಿಟ್ಟರು. ಶ್ರೀಪಾದ ಬೆಟ್ಟ ಶ್ರೀಕಂದವಾಯಿತು, ಸಿಗಿರಿಯಾ ಯಕ್ಕಗಲವಾಯಿತು. ಅಂಥ ಕಕ್ಷೆಯ ಮೂರು ಉಪಗ್ರಹಗಳಿಂದ ಜಗತ್ತಿಗೆಲ್ಲ ಪ್ರಸಾರ ಮಾಡಬಹುದು ಎಂದು ಕ್ಲಾರ್ಕ್ ಬರೆದದ್ದು 1945ರಲ್ಲಿ. ಮೂವತ್ತು ವರ್ಷದ ಮೇಲೆ, 1975ರಲ್ಲಿ, ಸೈಟ್ ಎಂಬ ಉಪಗ್ರಹ ಟಿವಿ ಪ್ರಯೋಗದಲ್ಲಿ ರಾಯಚೂರು, ಬಿಜಾಪುರ, ಗುಲ್ಬರ್ಗ ಜಿಲ್ಲೆಗಳ ಹಳ್ಳಿಗಳಿಗೆ ಉಪಗ್ರಹದಿಂದ ನೇರವಾಗಿ ಟಿವಿ ಬಂತು. ಅದೇ ಪ್ರಯೋಗದ ಭಾಗವಾಗಿ ಇಸ್ರೊ ಕೊಲಂಬೊದಲ್ಲಿ ಕ್ಲಾರ್ಕ್ ಮನೆಗೂ ಒಂದು ಡಿಶ್ ಆಂಟೆನಾ ಹಾಕಿಕೊಟ್ಟಿತು. ಶ್ರೀಲಂಕಾದಲ್ಲಿ ಆಗ ಟಿವಿ ಪ್ರಸಾರವೇ ಇರಲಿಲ್ಲ. ರಾಯಚೂರು ಕಡೆಯ ಹಳ್ಳಿಯ ಜನ ಪಂಚಾಯಿತಿ ಟಿವಿ ಎದುರು ಕೂತು ನೋಡುತ್ತಿದ್ದ ಉಪಗ್ರಹದ್ದೇ ಪ್ರಸಾರವನ್ನು, ಆ ಕಲ್ಪನೆಯನ್ನು ಬರೆದಿಟ್ಟವರೂ ತಮ್ಮ ಮನೆಯಲ್ಲಿ ಕೂತು ನೋಡುತ್ತಿದ್ದರು. ಇದು ಗೊತ್ತಿದ್ದು ‘ಫೌಂಟನ್ಸ್’ ಓದುವುದು ಬೇರೆಯೇ ಅನುಭವ.

7. ವಿಜ್ಞಾನ ಹಳತಾದ ಪುಸ್ತಕವನ್ನು ಪಟ್ಟಿಯಿಂದ ಹೊಡೆದುಹಾಕಬೇಡಿ

‘ಎ ಫಾಲ್ ಆಫ್ ಮೂನ್‌ಡಸ್ಟ್’ ಬಂದದ್ದು 1961ರಲ್ಲಿ. ಚಂದ್ರನ ಮೇಲೆ ಆಳವಾದ ಧೂಳಿನ ಕಡಲುಗಳಿರಬಹುದು ಎಂದು ಥಾಮಸ್ ಗೋಲ್ಡ್ ಅವರಂಥ ಖಗೋಳಜ್ಞರು ಊಹಿಸಿದ್ದ ಕಾಲ. 1966ರಲ್ಲಿ ಲೂನಾ 9, ಸರ್ವೇಯರ್ 1 ಇಳಿದು ನಿಂತವು, ನೆಲ ಗಟ್ಟಿ ಎಂದು ಗೊತ್ತಾಯಿತು. ಆದರೂ ಕಾದಂಬರಿ ಮುಳುಗಲಿಲ್ಲ. ಸೆಲೀನ್ ಎಂಬ ಪ್ರವಾಸಿ ದೋಣಿ ಧೂಳಿನಲ್ಲಿ ಹೂತ ಮೇಲೆ ಮೊದಲು ಶಾಖ ಹೊರಹೋಗದೆ ಬೇಯುವ ಭಯ, ಆಮೇಲೆ ಉಸಿರಿನ ಭಯ. ಒಂದು ಬಿಕ್ಕಟ್ಟು ಬಿಡಿಸಿದರೆ ಇನ್ನೊಂದು. ಮೇಲಿನವರು ಅದನ್ನು ಪತ್ತೆ ಹಚ್ಚುವುದು ಧೂಳಿನ ಮೇಲ್ಮೈಗೆ ಬಂದ ಅಲ್ಪ ಬಿಸಿಯ ಗುರುತಿನಿಂದ. ಧೂಳು ಸುಳ್ಳು, ಎಂಜಿನಿಯರ್‌ಗಳ ಯೋಚನೆ ನಿಜ. ಮೇಷ್ಟ್ರು ಮುಖ ಗಂಟಿಕ್ಕುವುದು ಸುಮ್ಮನೆ ಅಲ್ಲ.

8. ಸಹಲೇಖಕರಿದ್ದ ಪುಸ್ತಕಗಳಿಗೆ ಬೇರೆ ದಿನ ಇಡಿ

‘ರಾಮ 2’ ಮತ್ತು ಅದರ ಮುಂದಿನವು ಜೆಂಟ್ರಿ ಲೀ ಜೊತೆ ಬರೆದವು. ಅವುಗಳಿಗೆ ಅವುಗಳದೇ ಓದುಗರಿದ್ದಾರೆ, ಸಂಸಾರ, ರಾಜಕೀಯ ಎಲ್ಲ ಇವೆ. ಆದರೆ ಅವನ್ನು 1973ರ ‘ರಾಮ’ದ ಪಕ್ಕದಲ್ಲಿಟ್ಟು ಕ್ಲಾರ್ಕ್ ಎಲ್ಲಿ ಜಾರಿದರು ಎಂದು ಕೇಳುವುದು ಇಬ್ಬರಿಗೂ ಅನ್ಯಾಯ.

9. ಲೇಖಕನಿಗೆ ಯಾವುದು ಇಷ್ಟ ಎಂಬುದು ಮಾತಿನ ಆರಂಭವಾಗಲಿ

ತಮ್ಮ ಕಾದಂಬರಿಗಳಲ್ಲಿ ಕ್ಲಾರ್ಕ್‌ಗೆ ಪ್ರಿಯವಾದದ್ದು ‘ದಿ ಸಾಂಗ್ಸ್ ಆಫ್ ಡಿಸ್ಟೆಂಟ್ ಅರ್ಥ್’. 1958ರ ಸಣ್ಣಕತೆ 1986ರಲ್ಲಿ ಕಾದಂಬರಿಯಾಯಿತು. ಸೂರ್ಯ ಸ್ಫೋಟಿಸಿ ಭೂಮಿ ಹೋದ ಮೇಲೆ, ಕಡೆಯ ಹಡಗು ಥಲಾಸ್ಸಾ ಎಂಬ ಕಡಲಿನ ಲೋಕದಲ್ಲಿ ಸ್ವಲ್ಪ ಕಾಲ ತಂಗುತ್ತದೆ. ಖಳನಾಯಕನಿಲ್ಲ, ಯುದ್ಧವಿಲ್ಲ, ಅಗಲಲೇಬೇಕಾದವರ ಪ್ರೀತಿಯಿದೆ. ‘ಅವರೇ ಹೇಳಿದ ಮೇಲೆ ಇನ್ನೇನು’ ಎಂದು ಕೆಲವರು ಚರ್ಚೆ ಮುಚ್ಚಲು ನೋಡುತ್ತಾರೆ. ನಾನು ಮುಚ್ಚಲು ಬಿಡುವುದಿಲ್ಲ. ಇದೇ ಲೇಖಕರು ‘ಚೈಲ್ಡ್‌ಹುಡ್ಸ್ ಎಂಡ್’ನ ಮೊದಲ ಮುದ್ರಣದಲ್ಲಿ, ಈ ಪುಸ್ತಕದ ಅಭಿಪ್ರಾಯಗಳು ನನ್ನವಲ್ಲ ಎಂದು ಅಚ್ಚು ಹಾಕಿಸಿದ್ದರು. ತಾನು ನಂಬದ ಅಂತ್ಯವನ್ನೇ ಅಷ್ಟು ನಡುಗಿಸುವಂತೆ ಬರೆದವರ ಇಷ್ಟಾನಿಷ್ಟಗಳನ್ನು ಕೇಳಿಕೊಂಡು, ಅದು ಏಕೆ ಎಂದು ಪುಸ್ತಕದೊಳಗೆ ಹುಡುಕಬೇಕು. ‘ಸಾಂಗ್ಸ್’ ಓದಿದ ನನಗೆ ಸಿಕ್ಕ ಕಾರಣ: ಶ್ರೀಲಂಕಾದ ಕಡಲಿನಲ್ಲಿ ಮುಳುಗಿ ಏಳುತ್ತಿದ್ದ ಮನುಷ್ಯನಿಗೆ, ತಾನು ಪ್ರೀತಿಸಿದ ಎರಡನ್ನೂ, ಹವಳದ ಕಡಲನ್ನೂ ನಕ್ಷತ್ರಗಳ ದಾರಿಯನ್ನೂ, ಒಂದೇ ಪುಸ್ತಕದೊಳಗೆ ತರಲು ಆದದ್ದು ಇಲ್ಲಿ.

10. ಹೊಸಬರ ಕೈಗೆ ಒಂದಲ್ಲ, ಎರಡು ಕೊಡಿ

‘ಕ್ಲಾರ್ಕ್ ಎಲ್ಲಿಂದ ಶುರು ಮಾಡಲಿ?’ ಎಂದು ಕೇಳುವವರಿಗೆ ಒಂದೇ ಪುಸ್ತಕ ಕೊಟ್ಟರೆ ಅವರು ಆ ಪುಸ್ತಕದ ಅಭಿಮಾನಿಯಾಗುತ್ತಾರೆ ಅಥವಾ ಓದು ಬಿಡುತ್ತಾರೆ. ಎರಡು ಕೊಟ್ಟರೆ ಕೂಟಕ್ಕೆ ಬರುತ್ತಾರೆ. ಎಂಜಿನಿಯರಿಂಗ್ ಹುಡುಗರಿಗೆ ‘ಮೂನ್‌ಡಸ್ಟ್’ ಜೊತೆ ‘ಫೌಂಟನ್ಸ್’. ಸಾಹಿತ್ಯ ಓದಿ ಬಂದವರಿಗೆ ‘ಚೈಲ್ಡ್‌ಹುಡ್ಸ್ ಎಂಡ್’ ಜೊತೆ ‘ಸಾಂಗ್ಸ್’. ಎರಡರಲ್ಲೂ ಭೂಮಿ ಇಲ್ಲವಾಗುತ್ತದೆ. ಒಂದರಲ್ಲಿ ಮನುಷ್ಯನೇ ಬೇರೇನೋ ಆಗಿಬಿಡುತ್ತಾನೆ, ಇನ್ನೊಂದರಲ್ಲಿ ಮನುಷ್ಯನಾಗಿಯೇ ಮುಂದೆ ಹೋಗುತ್ತಾನೆ. ಸಮಯ ಕಡಿಮೆ ಇರುವವರಿಗೆ ‘ರಾಮ’ದ ಮೊದಲ ಅಧ್ಯಾಯ ಜೊತೆ ‘ದಿ ಹ್ಯಾಮರ್ ಆಫ್ ಗಾಡ್’.

ಈ ಕಡೆಯ ಜೋಡಿಯೇ ನಮ್ಮ ಮುಂದಿನ ಕೂಟದ್ದು. ‘ರಾಮ’ ಆರಂಭವಾಗುವುದು 2077ರ ಸೆಪ್ಟೆಂಬರ್ 11ರಂದು ಉತ್ತರ ಇಟಲಿಗೆ ಅಪ್ಪಳಿಸುವ ಉಲ್ಕೆಯಿಂದ. ಮತ್ತೆ ಹಾಗಾಗದಂತೆ ಆಕಾಶ ಕಾಯಲು ಸ್ಪೇಸ್‌ಗಾರ್ಡ್ ಎಂಬ ವ್ಯವಸ್ಥೆ ಹುಟ್ಟುತ್ತದೆ, ಅದರ ಕಣ್ಣಿಗೇ ರಾಮ ಬೀಳುವುದು. 1992ರಲ್ಲಿ ಭೂಮಿಯತ್ತ ಬರಬಹುದಾದ ಕ್ಷುದ್ರಗ್ರಹಗಳ ಬಗ್ಗೆ ನಾಸಾ ವರದಿ ತಯಾರಾದಾಗ ಅದಕ್ಕೆ ಆ ಕಾದಂಬರಿಯ ಸ್ಪೇಸ್‌ಗಾರ್ಡ್ ಎಂಬ ಹೆಸರನ್ನೇ ಇಟ್ಟರು. ಮರುವರ್ಷ ಕ್ಲಾರ್ಕ್ ಆ ಒಂದು ಅಧ್ಯಾಯದ ವಿಚಾರವನ್ನೇ ಪೂರ್ತಿ ಕಾದಂಬರಿಯಾಗಿಸಿದರು: ಕಾಳಿ ಎಂಬ ಕ್ಷುದ್ರಗ್ರಹ ಭೂಮಿಯತ್ತ ಬರುತ್ತಿದೆ. ಇಪ್ಪತ್ತು ವರ್ಷಗಳ ಹಿಂದೆ ಕೆಲವೇ ಪುಟಗಳಲ್ಲಿ ಮೂಡಿದ ಭಯ, ವಿಜ್ಞಾನಿಗಳು ಅದನ್ನು ಗಂಭೀರವಾಗಿ ತೆಗೆದುಕೊಂಡ ಮೇಲೆ ಇನ್ನೂರು ಪುಟಗಳಲ್ಲಿ ಹೆಚ್ಚಿತೋ, ತಗ್ಗಿತೋ? ಎರಡನ್ನೂ ಓದಿಕೊಂಡು ಬನ್ನಿ ಎಂದು ಎಲ್ಲರಿಗೂ ಹೇಳಿದ್ದೇನೆ. ಹಿರಿಯರು ಈಗಾಗಲೇ ಫೋನ್ ಮಾಡಿ, ತಗ್ಗಿದೆ ಎಂದು ವಾದ ಆರಂಭಿಸಿದ್ದಾರೆ.